ಅತ್ತಿಗೆಯ ಭರಣಿಗೆ ಜಾಗ ಸಿಕ್ಕಿದ್ದು ಹೇಗೆ

ಕಲಾ ಮೇಳಗಳಲ್ಲಿ ಅತ್ತಿಗೆಯ ಮಣ್ಣಿನ ಸಾಮಾನು ಮಾರೋಕೆ ಜಾಗ ಕೇಳಿ ಮೊದಲ ವರ್ಷ ನಾವು ಕಳಿಸಿದ ಐದು ಫೋಟೋಗಳಲ್ಲಿ ಒಂದರಲ್ಲಿ ಚಕ್ಕುಲಿ ಇತ್ತು. ಅತ್ತಿಗೆ ಮಾಡಿದ ತಟ್ಟೆ, ಅದರ ಮೇಲೆ ಅತ್ತಿಗೆಯೇ ಕರಿದ ಚಕ್ಕುಲಿ. ಖಾಲಿ ತಟ್ಟೆ ಬೋಳು ಬೋಳಾಗಿ ಕಾಣುತ್ತೆ, ಏನಾದ್ರೂ ಇಡೋಣ ಅಂದವನು ನಾನು. ಫೋಟೋ ತೆಗೆದವನೂ ನಾನು, ಅರ್ಜಿ ತುಂಬಿದವನೂ ನಾನು. ಹಾಗಾಗಿ ಮುಂದೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲನ್ನು ನನ್ನ ಲೆಕ್ಕಕ್ಕೇ ಬರೆದುಕೊಳ್ಳಿ.

ಇದು ಅಮೆರಿಕದ ಮಿಷಿಗನ್‌ನಲ್ಲಿರುವ ನಮ್ಮ ಅಣ್ಣ-ಅತ್ತಿಗೆ ಮನೆಯ ಕಥೆ. ಅತ್ತಿಗೆ ಸಾಗರದ ಕಡೆಯವರು. ಮಣ್ಣಿನ ಕೆಲಸ ಊರಲ್ಲಿ ಕಲಿತದ್ದಲ್ಲ. ಮಗಳು ಶಾಲೆಗೆ ಹೋಗೋಕೆ ಶುರುಮಾಡಿದ ಮೇಲೆ ಹತ್ತಿರದ ಒಂದು ಸ್ಟುಡಿಯೋದಲ್ಲಿ ತಿಗರಿ ಮುಂದೆ ಕೂತರು, ಆಮೇಲೆ ಏಳಲಿಲ್ಲ. ಈಗ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ಅಲ್ಲಿ ಮಡಕೆ ಸುಡುವ ಕರೆಂಟಿನ ಆವಿಗೆ ಕೂತಿದೆ. ಅವರ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರೋದು ಭರಣಿ. ಅಜ್ಜಿ ಮನೆಯ ಉಪ್ಪಿನಕಾಯಿ ಭರಣಿ ನೆನಪಿದೆಯಲ್ಲ, ಮೇಲೆ ಕಂದು, ಕೆಳಗೆ ಹಾಲುಬಿಳಿ, ಅದೇ ಜಾತಿ. ಅತ್ತಿಗೆ ಅದರ ಹೆಗಲನ್ನು ಸ್ವಲ್ಪ ಅಗಲ ಮಾಡಿ, ಮಣ್ಣು ಪೂರ್ತಿ ಒಣಗುವ ಮುಂಚೆ ಹೆಗಲ ಸುತ್ತ ಹಸೆ ಚಿತ್ತಾರದ ಎಳೆಗಳನ್ನು ಕೆತ್ತುತ್ತಾರೆ. ಮುಚ್ಚಳ ಇಟ್ಟರೆ ‘ಟಕ್’ ಅಂತ ಒಂದು ಸಣ್ಣ ಸದ್ದು ಬಂದು ಕೂತುಬಿಡುತ್ತೆ, ಅಲ್ಲಾಡಲ್ಲ. ಆ ಸದ್ದಿಗೋಸ್ಕರ ಅವರು ಎಷ್ಟು ಮುಚ್ಚಳ ಒಡೆದು ಹಾಕಿದ್ದಾರೋ ಅಣ್ಣನಿಗೇ ಗೊತ್ತು, ಕಸ ಹೊರಗೆ ಇಡೋದು ಅವನೇ.

ನಾಲ್ಕೈದು ವರ್ಷ ಕನ್ನಡ ಕೂಟದ ದೀಪಾವಳಿಯಲ್ಲಿ ಟೇಬಲ್ ಹಾಕಿ ಮಾರಿದರು. ಚೆನ್ನಾಗೇ ಹೋಗುತ್ತಿತ್ತು. ಆಗ ಯಾರೋ, ನೀವ್ಯಾಕೆ ಆರ್ಟ್ ಫೇರ್‌ಗೆ ಹಾಕಬಾರದು ಅಂದರು. ಅಲ್ಲಿಂದ ಶುರು.

ಅಮೆರಿಕದಲ್ಲಿ ಬೇಸಿಗೆ ಬಂತು ಅಂದರೆ ಊರೂರಲ್ಲಿ ಒಂದು ರಸ್ತೆ ಮುಚ್ಚಿ, ಎರಡೂ ಕಡೆ ಹತ್ತಡಿ-ಹತ್ತಡಿಯ ಬಿಳಿ ಟೆಂಟು ಹಾಕಿ ಕಲಾ ಮೇಳ ಮಾಡುತ್ತಾರೆ. ನಮ್ಮ ಮಿಷಿಗನ್‌ನಲ್ಲೇ ಆನ್ ಆರ್ಬರ್ ಊರಿನದು 1960ರಿಂದ ನಡೆಯುತ್ತಿದೆ, ಜುಲೈ ತಿಂಗಳಲ್ಲಿ ಇಡೀ ಊರು ಟೆಂಟುಮಯ. ನೋಡೋಕೆ ಸಂತೆ ಥರ ಕಂಡರೂ ದುಡ್ಡು ಕಟ್ಟಿದವರಿಗೆಲ್ಲ ಜಾಗ ಕೊಡೋ ಸಂತೆ ಅಲ್ಲ. ಒಳ್ಳೆಯ ಮೇಳಗಳಿಗೆಲ್ಲ ಜ್ಯೂರಿ, ಅಂದರೆ ಯಾರಿಗೆ ಜಾಗ ಅಂತ ಆರಿಸುವ ತೀರ್ಪುಗಾರರ ತಂಡ ಇರುತ್ತದೆ. ಡೆನ್ವರಿನ ಚೆರ್ರಿ ಕ್ರೀಕ್ ಮೇಳದಲ್ಲಿ ಸುಮಾರು 250 ಜಾಗಕ್ಕೆ 2,000ದ ಹತ್ತಿರ ಅರ್ಜಿ ಬರುತ್ತವೆ. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಕ್ರಾಫ್ಟ್ ಶೋನಲ್ಲಿ ಇರೋದೇ 120 ಜಾಗ. ನಾವು ಹಾಕಿದ್ದು ಇಷ್ಟು ದೊಡ್ಡವಕ್ಕಲ್ಲ, ಕಾರಲ್ಲಿ ಮೂರ್ನಾಲ್ಕು ಗಂಟೆ ದೂರದ ನಾಲ್ಕು ಮಧ್ಯಮ ಮೇಳಗಳಿಗೆ. ಹೆಸರು ಬೇಡ ಬಿಡಿ, ನಮ್ಮ ಜಗಳ ಅವರ ಜೊತೆ ಅಲ್ಲ.

ಅರ್ಜಿ ಹಾಕೋದೆಲ್ಲ ಆನ್‌ಲೈನ್. ಝ್ಯಾಪ್ ಅಂತ ಒಂದು ತಾಣ ಇದೆ, ಡೆನ್ವರಿನ ಒಂದು ಕಲಾ ಸಂಸ್ಥೆ ಶುರುಮಾಡಿದ್ದು, ನೂರಾರು ಮೇಳಗಳ ಅರ್ಜಿ ಅಲ್ಲೇ ಹೋಗುತ್ತೆ. ಅದಕ್ಕಿಂತ ಮುಂಚೆ ಸ್ಲೈಡ್ ಕಾಲ. ಕಲಾವಿದರು 35 ಎಂಎಂ ಸ್ಲೈಡು, ಅಂದರೆ ಪರದೆ ಮೇಲೆ ಬಿಟ್ಟು ನೋಡುವ ಫಿಲ್ಮಿನ ತುಂಡು ಮಾಡಿಸಿ, ಲಕೋಟೆಯಲ್ಲಿ ಹಾಕಿ, ವಾಪಸ್ ಬರಲಿ ಅಂತ ಸ್ಟಾಂಪು ಅಂಟಿಸಿ ಕಳಿಸಬೇಕಿತ್ತು. ಕೊಡ್ಯಾಕ್ ಕಂಪನಿ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಸೋದನ್ನೇ ನಿಲ್ಲಿಸಿತು, ಮೇಳದವರಿಗೆ ಬೇರೆ ದಾರಿ ಹುಡುಕದೆ ವಿಧಿಯಿರಲಿಲ್ಲ. ಆದರೆ ಲಕೋಟೆ ಹೋದರೂ ಹಳೇ ಪದ್ಧತಿ ಹಾಗೇ ಉಳಿಯಿತು. ಸಾಮಾನ್ಯವಾಗಿ ಐದು ಚಿತ್ರ ಕೇಳುತ್ತಾರೆ: ನಾಲ್ಕು ನಿಮ್ಮ ಕೆಲಸದ್ದು, ಒಂದು ನಿಮ್ಮ ಬೂತಿನದು, ಅಂದರೆ ಅಂಗಡಿ ಜೋಡಿಸಿದರೆ ಹೇಗೆ ಕಾಣುತ್ತೆ ಅಂತ. ಜೊತೆಗೆ ಹೇಗೆ ಮಾಡಿದಿರಿ ಅಂತ ಒಂದೆರಡು ವಾಕ್ಯ. ಅರ್ಜಿಗೆ ಶುಲ್ಕ, ನಾವು ಹಾಕಿದ ಕಡೆ 35 ಡಾಲರ್. ಜಾಗ ಸಿಗಲಿ ಬಿಡಲಿ, ಅದು ವಾಪಸ್ ಬರಲ್ಲ.

ಈಗ ನಮ್ಮ ಮೊದಲ ವರ್ಷದ ಐದು ಫೋಟೋ ಕೇಳಿ. ಒಂದು ಭರಣಿ. ಒಂದು ನೀಲಿ ಬಣ್ಣದ ಮಗ್‌ಗಳ ಸೆಟ್. ಒಂದು ಚಕ್ಕುಲಿ ತಟ್ಟೆ. ಒಂದು ಗಣಪತಿ. ಬೂತಿನ ಫೋಟೋ ಅಂತ ಕಳಿಸಿದ್ದು ಕನ್ನಡ ಕೂಟದ ಟೇಬಲ್ಲಿನದು. ಅದರಲ್ಲಿ ಅತ್ತಿಗೆ ರೇಷ್ಮೆ ಸೀರೆ ಉಟ್ಟು ನಗುತ್ತಾ ನಿಂತಿದ್ದರು, ಹಿಂದೆ ಅವರ ಹೆಸರಿನ ಬ್ಯಾನರು, ಪಕ್ಕದಲ್ಲಿ ಯಾರದೋ ಮೆಹಂದಿ ಸ್ಟಾಲು. ನಮಗೆ ಅದು ಬಹಳ ಕಳೆಕಳೆಯಾಗಿ ಕಂಡಿತ್ತು.

ನಾಲ್ಕೂ ಕಡೆ ಆಗಲಿಲ್ಲ. ಬಂದ ಮೇಲ್‌ಗಳಲ್ಲಿ ಕಾರಣ ಇರಲಿಲ್ಲ, ಈ ವರ್ಷ ಬಹಳ ಪೈಪೋಟಿ ಇತ್ತು ಅಂತ ಎಲ್ಲರೂ ಬರೆದಿದ್ದರು. ಅತ್ತಿಗೆ ಎರಡು ದಿನ ಗ್ಯಾರೇಜಿಗೆ ಹೋಗಲಿಲ್ಲ. ಅಣ್ಣ, ಇವರಿಗೆ ನಮ್ಮ ಭರಣಿ ಅರ್ಥ ಆಗಲ್ಲ ಬಿಡು ಅಂದ. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ನಿಯಮದ ಪುಟವನ್ನು ನಿಧಾನವಾಗಿ ಓದಿದ್ದು ಆಮೇಲೆ. ಬೂತಿನ ಫೋಟೋದಲ್ಲಿ ಹೆಸರು ಕಾಣಬಾರದು, ಕಲಾವಿದರ ಮುಖವೂ ಕಾಣಬಾರದು, ಯಾಕಂದ್ರೆ ಯಾರ ಕೆಲಸ ಅಂತ ಜ್ಯೂರಿಗೆ ಗೊತ್ತಾಗದ ಹಾಗೆ ನೋಡಿಸಬೇಕು. ಅಷ್ಟು ದೊಡ್ಡ ಬ್ಯಾನರು ಕಳಿಸಿದ ಮೇಲೆ ಇನ್ನೇನು ಹೇಳೋದು.

ಎರಡನೇ ವರ್ಷ ನಾನು ಕ್ಯಾಮೆರಾ ಬಾಡಿಗೆಗೆ ತಂದೆ. ಬೂದು ಹಿನ್ನೆಲೆ ತರಿಸಿದೆವು. ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ ಹಾಕಿದ ಮಡಕೆಯ ಫೋಟೋ ತೆಗೆಯೋದು ಏನು ಕಷ್ಟ ಅಂತೀರಿ, ಅದು ಕನ್ನಡಿ ಇದ್ದ ಹಾಗೆ, ದೀಪ, ಕಿಟಕಿ, ನನ್ನ ಬೋಳು ತಲೆ ಎಲ್ಲ ಅದರ ಹೊಟ್ಟೆಯಲ್ಲಿ ಕಾಣುತ್ತೆ. ಕೊನೆಗೆ ಮೇಲಿನಿಂದ ಬಿಳಿ ಬೆಡ್‌ಶೀಟು ಇಳಿಬಿಟ್ಟು, ಅದರ ಹಿಂದೆ ದೀಪ ಇಟ್ಟರೆ ಹೊಳಪು ಮೆತ್ತಗಾಯಿತು. ಚಕ್ಕುಲಿ ತೆಗೆದೆವು, ಬ್ಯಾನರು ತೆಗೆದೆವು. ಆದರೆ ಚಿತ್ರಗಳ ಪಟ್ಟಿ ಹೆಚ್ಚುಕಮ್ಮಿ ಹಳೆಯದೇ: ಭರಣಿ, ಮಗ್, ಗಣಪತಿ, ದೊಡ್ಡ ತಟ್ಟೆ. ನನ್ನ ತರ್ಕ ಏನಿತ್ತು ಅಂದರೆ, ನಾಲ್ಕು ಥರ ತೋರಿಸಿದರೆ ನಾಲ್ಕರಲ್ಲಿ ಒಂದಾದರೂ ಯಾರಿಗಾದರೂ ಹಿಡಿಸುತ್ತೆ. ಬಯೋಡೇಟಾದಲ್ಲಿ ಎಲ್ಲ ಬರುತ್ತೆ ಅಂತ ಬರೆಯುವ ಇಂಜಿನಿಯರ್ ಬುದ್ಧಿ. ಮತ್ತೆ ನಾಲ್ಕೂ ಕಡೆ ಇಲ್ಲ.

ಆ ಚಳಿಗಾಲದಲ್ಲಿ ಕಣ್ಣು ತೆರೆಸಿದ ಒಂದು ಶನಿವಾರ ಬಂತು. ಕೆಲವು ಮೇಳಗಳು ಜ್ಯೂರಿ ಕೂತು ನೋಡುವಾಗ ಕಲಾವಿದರೂ ಬಂದು ಹಿಂದೆ ಕೂರಬಹುದು ಅಂತ ಬಿಡುತ್ತವೆ. ಅಂಥ ಒಂದು ಕಡೆ ಅತ್ತಿಗೆ, ನಾನು ಹೋದೆವು. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಕತ್ತಲು ಕೋಣೆ, ಮುಂದೆ ದೊಡ್ಡ ಪರದೆ, ಅದರ ಮುಂದೆ ಐದು ಜನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಒಬ್ಬರು ಕಾಲೇಜಿನಲ್ಲಿ ಕಲೆ ಪಾಠ ಮಾಡುವವರು, ಒಬ್ಬರು ಗ್ಯಾಲರಿ ನಡೆಸುವವರು, ಉಳಿದವರು ಸ್ವತಃ ಕೆಲಸ ಮಾಡಿ ಮಾರುವವರು. ನಮಗೆ ಹಿಂದಿನ ಸಾಲು. ಉಸಿರೆತ್ತುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ.

ಸೆರಾಮಿಕ್ಸ್, ಅಂದರೆ ಮಣ್ಣಿನ ಕೆಲಸದ ವಿಭಾಗ ಶುರುವಾಯಿತು. ಮೊದಲ ಸುತ್ತು ಸುಮ್ನೆ ನೋಡೋದಕ್ಕೆ, ಅಂಕ ಇಲ್ಲ. ಒಬ್ಬ ಕಲಾವಿದರ ಐದೂ ಚಿತ್ರ ಪರದೆಯ ಮೇಲೆ ಒಂದೇ ಸಾಲಿನಲ್ಲಿ ಒಟ್ಟಿಗೆ ಬರುತ್ತೆ. ನಾನು ಮನಸ್ಸಿನಲ್ಲೇ ಸೆಕೆಂಡ್ ಎಣಿಸುತ್ತಿದ್ದೆ: ಒಂದು, ಎರಡು, ಮೂರು, ನಾಲ್ಕು, ಐದು, ಹೋಯಿತು. ಮುಂದಿನವರು. ಒಂದು, ಎರಡು, ಮೂರು... ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಎರಡು ವರ್ಷ ಅವರ ಭರಣಿಯೂ ಹೀಗೇ ಯಾವುದೋ ಪರದೆ ಮೇಲೆ ಬಂದು ಹೋಗಿತ್ತಲ್ಲ, ಅದು ಅವರ ಕಣ್ಣಿಗೆ ಕಟ್ಟಿರಬೇಕು. ಎರಡನೇ ಸುತ್ತಿನಲ್ಲಿ ನಿರ್ವಾಹಕಿ ಆ ಒಂದೆರಡು ವಾಕ್ಯ ಗಟ್ಟಿಯಾಗಿ ಓದುತ್ತಿದ್ದರು, ಐದೂ ಜನ ಅಂಕ ಒತ್ತುತ್ತಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತು ಸೆಕೆಂಡ್ ಸಿಕ್ಕಿದ್ದರೆ ಜಾಸ್ತಿ. ಮಧ್ಯೆ ಒಬ್ಬರು, ಇದು ಎಷ್ಟು ಎತ್ತರ ಅಂತ ಕೇಳಿದರು, ನಿರ್ವಾಹಕಿ ಅಳತೆ ಓದಿದರು. ಇಡೀ ಬೆಳಿಗ್ಗೆ ಜ್ಯೂರಿ ಬಾಯಿಂದ ಬಂದ ಮಾತು ಅಷ್ಟೇ ಇರಬೇಕು.

ಹಿಂದೆ ಕೂತ ನನಗೆ ನಲವತ್ತನೇ ಅರ್ಜಿ ಹೊತ್ತಿಗೆ ತಲೆ ಜೋಮು ಹಿಡಿಯಿತು. ನೀಲಿ-ಹಸಿರು ಗ್ಲೇಜ್ ಸೋರಿದ ಮಗ್‌ಗಳು ಎಷ್ಟು ಬಂದವೋ, ಯಾವುದು ಯಾರದು ಅಂತ ತಿಳಿಯದಾಯಿತು. ಅಷ್ಟರಲ್ಲಿ ಒಬ್ಬರ ಸಾಲು ಬಂತು. ಕಪ್ಪು ಮಣ್ಣಿನ ಟೀ ಪಾಟ್‌ಗಳು, ನಾಲ್ಕೂ ಬೇರೆ ಬೇರೆ ಆಕಾರ, ಆದರೆ ಒಂದೇ ಕೈ ಮಾಡಿದ್ದು ಅಂತ ಕಣ್ಣಿಗೆ ಹೊಡೆಯುತ್ತಿತ್ತು. ಐದನೇ ಚಿತ್ರದಲ್ಲಿ ಬೂತಿನ ತುಂಬ ಅವೇ, ಬಿಳಿ ಶೆಲ್ಫಿನ ಮೇಲೆ ಉಸಿರಾಡೋಕೆ ಜಾಗ ಬಿಟ್ಟು ಇಟ್ಟಿದ್ದರು. ಮುಂದೆ ಕೂತವರು ಬೆನ್ನು ನೆಟ್ಟಗೆ ಮಾಡಿದ್ದು ಹಿಂದಿನಿಂದಲೇ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದರು, ನಾಲ್ಕು ಹೂದಾನಿ ಅದ್ಭುತ. ಐದನೆಯದು ಮಡಚಿದ ಗೆರೆ ಬಿದ್ದ ಟೇಬಲ್ ಬಟ್ಟೆ, ಅದರ ಮೇಲೆ ಕಾಲಿಡೋಕೆ ಜಾಗವಿಲ್ಲದಷ್ಟು ಸಾಮಾನು, ಒಂದು ಮೂಲೆಯಲ್ಲಿ ಕೋಕ್ ಡಬ್ಬಿ. ಅತ್ತಿಗೆ ನನ್ನ ಕಡೆ ತಿರುಗಿ ನೋಡಿದರು. ಮೆಹಂದಿ ಸ್ಟಾಲು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಊಟದ ಹೊತ್ತಿಗೆ ಪ್ರಶ್ನೆ ಕೇಳಬಹುದಿತ್ತು. ಬೂತಿನ ಫೋಟೋ ಯಾಕೆ ಅಷ್ಟು ಮುಖ್ಯ ಅಂತ ಯಾರೋ ಕೇಳಿದರು. ಪಾಠ ಮಾಡುವವರು ಹೇಳಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುತ್ತೆ: ನಾಲ್ಕು ಒಳ್ಳೆಯ ಮಡಕೆ ಯಾರಾದರೂ ಒಂದು ಸಲ ಮಾಡಿಬಿಡಬಹುದು. ಮೂರು ದಿನ ಅಂಗಡಿ ತುಂಬುವಷ್ಟು ಅದೇ ಮಟ್ಟದ ಕೆಲಸ ಇದೆಯೋ ಇಲ್ಲವೋ ಅಂತ ಬೂತೇ ಹೇಳೋದು. ಹೊರಗಿಂದ ತಂದು ಮಾರುವವರನ್ನು ಹಿಡಿಯೋಕೂ ಅದೇ ದಾರಿಯಂತೆ. ಕೈಯಲ್ಲಿ ಮಾಡಿದ್ದೇ ಇರಬೇಕು, ಮಾಡಿದವರೇ ಬಂದು ನಿಲ್ಲಬೇಕು, ಇದು ಈ ಮೇಳಗಳ ಮೂಲ ನಿಯಮ.

ವಾಪಸ್ ಬರುವಾಗ ಕಾರಿನಲ್ಲಿ ಜಗಳ. ನಾನು, “ಅತ್ತಿಗೆ, ಭರಣಿ ಒಂದೇ ಕಳಿಸೋಣ. ನಾಲ್ಕೂ ಭರಣಿ” ಅಂದೆ.

“ಹಾಗಾದ್ರೆ ನನ್ನ ಗಣಪತಿ ಏನು ಪಾಪ ಮಾಡಿದಾನೆ?”

“ಗಣಪತಿ ಚೆನ್ನಾಗಿದಾನೆ. ಭರಣಿ ಪಕ್ಕ ಕೂರಿಸಿದರೆ ಬೇರೆ ಯಾರದೋ ಮನೆಯವನ ಥರ ಕಾಣ್ತಾನೆ.”

“ಅಂದ್ರೆ ನಾನು ವರ್ಷವಿಡೀ ಭರಣಿ ಮಾಡ್ತಾ ಕೂತಿರಬೇಕಾ ಮಾರಾಯ? ನಾನೇನು ಫ್ಯಾಕ್ಟರಿಯಾ?”

ಅವರ ಮಾತಲ್ಲಿ ನ್ಯಾಯ ಇತ್ತು. ಫೋಟೋದಲ್ಲಿ ತೋರಿಸಿದ ಥರದ್ದನ್ನೇ ಮೇಳಕ್ಕೆ ತರಬೇಕು ಅಂತ ನಿಯಮ. ಬೇರೆ ತಂದರೆ ತಪಾಸಣೆಯವರು ಬಂದು ಒಳಗಿಡಿ ಅಂತಾರೆ. ಎರಡು ಥರದ ಕೆಲಸ ಇದ್ದರೆ ಎರಡು ಅರ್ಜಿ, ಎರಡು ಶುಲ್ಕ. ಹೊಸದೇನಾದರೂ ಮಾಡಿ ನೋಡಬೇಕು ಅನ್ನೋ ಮನಸ್ಸಿನವರಿಗೆ ಈ ಪದ್ಧತಿ ಕೈ ಕಟ್ಟಿ ಹಾಕುತ್ತೆ, ಅದರಲ್ಲಿ ಅನುಮಾನ ಬೇಡ. ಆ ‘ಟಕ್’ ಸದ್ದಂತೂ ಯಾವ ಜ್ಯೂರಿಗೂ ಕೇಳಿಸಲ್ಲ. ಮಡಕೆಯ ತೂಕ, ಹಿಡಿ ಕೈಗೆ ಕೂರುವ ರೀತಿ, ಬಾಯಿಯ ಅಂಚು ತುಟಿಗೆ ತಾಗುವ ರೀತಿ, ಯಾವುದೂ ಫೋಟೋದಲ್ಲಿ ಬರಲ್ಲ. ಮುಟ್ಟಿ ನೋಡಬೇಕಾದ ಕೆಲಸವನ್ನು ಮುಟ್ಟದೆ ಆರಿಸುತ್ತಾರೆ.

ಅತ್ತಿಗೆ ಆಗಾಗ ದಿಲ್ಲಿಯ ಕರಕುಶಲ ಸಂತೆ, ದಿಲ್ಲಿ ಹಾಟ್ ಉದಾಹರಣೆ ಕೊಡುತ್ತಾರೆ. ಅಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ 15 ದಿನದ ಹಾಗೆ ಸರದಿ ಮೇಲೆ ಮಳಿಗೆ ಕೊಡುತ್ತಾರೆ. ಸರದಿ ಬರುತ್ತೆ ಅನ್ನೋ ಧೈರ್ಯವಾದರೂ ಇರುತ್ತಲ್ಲ ಅನ್ನೋದು ಅವರ ವಾದ. ನಾನು ಒಪ್ಪಲ್ಲ. ಈ ಮೇಳಗಳಿಗೆ ಜನ ದೂರದಿಂದ ಕಾರು ಓಡಿಸಿಕೊಂಡು ಬರೋದೇ ಯಾರೋ ಮೊದಲೇ ಜರಡಿ ಹಿಡಿದಿದ್ದಾರೆ ಅಂತ. ಜರಡಿ ತೆಗೆದರೆ ಅತ್ತಿಗೆಯ 180 ಡಾಲರಿನ ಭರಣಿ ಪಕ್ಕದಲ್ಲೇ ಎಲ್ಲಿಂದಲೋ ತರಿಸಿದ 12 ಡಾಲರಿನ ಜಾಡಿ ಬಂದು ಕೂರುತ್ತೆ. ಈ ವಾದ ನಮ್ಮಿಬ್ಬರ ಮಧ್ಯೆ ಇನ್ನೂ ಮುಗಿದಿಲ್ಲ.

ಅಂಕದ ಲೆಕ್ಕ ಒಂದು ಸಲ ನೋಡಿಬಿಡಿ, ಆಗ ಆಗಲ್ಲ ಅಂತ ಬರುವ ಮೇಲ್ ಅಷ್ಟು ಚುಚ್ಚಲ್ಲ. ಸುಮ್ನೆ ಉದಾಹರಣೆಗೆ, ಸೆರಾಮಿಕ್ಸ್‌ಗೆ 90 ಅರ್ಜಿ ಬಂದವು, ಜಾಗ 12 ಅಂತಿಟ್ಟುಕೊಳ್ಳಿ. ಹೋದ ವರ್ಷ ಬಹುಮಾನ ಗೆದ್ದವರು ಎಷ್ಟೋ ಮೇಳಗಳಲ್ಲಿ ಜ್ಯೂರಿ ಇಲ್ಲದೆ ನೇರವಾಗಿ ಬರುತ್ತಾರೆ, ಅಂಥವರು 3 ಜನ. ಉಳಿದದ್ದು 9. ಐದು ಜನ ಜ್ಯೂರಿ, ಒಬ್ಬೊಬ್ಬರು 1ರಿಂದ 7ರವರೆಗೆ ಕೊಡಬಹುದು, ಒಟ್ಟು 35. ಕೆಲವು ಕಡೆ 4 ಅನ್ನೋ ಅಂಕವನ್ನೇ ತೆಗೆದುಬಿಟ್ಟಿರುತ್ತಾರೆ, ಯಾರೂ ನಡುವೆ ಕೂತು ಜಾರಿಕೊಳ್ಳಬಾರದು ಅಂತ. 9ನೇ ಜಾಗ 29 ಅಂಕಕ್ಕೆ ತುಂಬಿತು ಅಂದರೆ, 28 ಬಂದವರು ಏಳೆಂಟು ಜನ ಹೊರಗೆ ನಿಂತಿರುತ್ತಾರೆ. ಯಾರೋ ಒಬ್ಬ ಜ್ಯೂರಿ ಸದಸ್ಯರು 6ರ ಬದಲು 5 ಒತ್ತಿದ್ದು ಅಷ್ಟೇ ವ್ಯತ್ಯಾಸ. ಮುಂದಿನ ವರ್ಷ ಜ್ಯೂರಿಯೇ ಬದಲಾಗುತ್ತೆ, ಅದೇ ಐದು ಚಿತ್ರಕ್ಕೆ ಬೇರೆ ಅಂಕ ಬರುತ್ತೆ. ಆಭರಣ ಮಾಡುವವರ ಪಾಡಂತೂ ಇನ್ನೂ ಕಷ್ಟ, ಅಲ್ಲಿ ಯಾವಾಗಲೂ ಅರ್ಜಿ ಜಾಸ್ತಿ.

ಮೂರನೇ ವರ್ಷ ಅತ್ತಿಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಭರಣಿಯದೇ ಗ್ಲೇಜ್, ಅದೇ ಎಳೆ ಕೆತ್ತಿದ ಮಗ್‌ಗಳು ಬೂತಿನ ಫೋಟೋದಲ್ಲಿ ಇರಬೇಕು. ಒಳ್ಳೆಯ ಯೋಚನೆ, ನನಗೆ ಹೊಳೆದಿರಲಿಲ್ಲ. ನಾಲ್ಕು ಭರಣಿ ಆರಿಸಿದೆವು, ಸಣ್ಣದರಿಂದ ದೊಡ್ಡದಕ್ಕೆ. ಒಂದರ ಮುಚ್ಚಳ ತೆಗೆದು ಪಕ್ಕಕ್ಕೆ ಒರಗಿಸಿ ಇಟ್ಟೆವು, ಮುಚ್ಚಳ ಅಂತ ಒಂದಿದೆ ಅಂತಾದರೂ ಗೊತ್ತಾಗಲಿ ಅಂತ. ಐದೂ ಚಿತ್ರ ಒಂದೇ ಸಾಲಿನಲ್ಲಿ ಬರುತ್ತೆ ಅಂತ ಈಗ ಗೊತ್ತಿತ್ತಲ್ಲ, ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಸಾಲು ಹಚ್ಚಿ, ಕೋಣೆಯ ಆ ತುದಿಗೆ ಹೋಗಿ ನಿಂತು, ಐದು ಎಣಿಸುವಷ್ಟು ಹೊತ್ತು ಮಾತ್ರ ನೋಡಿ ಕಣ್ಣು ಮುಚ್ಚಿಕೊಂಡೆವು. ಎರಡನೇ ಭರಣಿಯ ಕೆತ್ತನೆ ದೂರದಿಂದ ಕಾಣುತ್ತಿರಲಿಲ್ಲ, ಅದನ್ನು ಬದಲಾಯಿಸಿದೆವು.

ಬೂತಿನ ಫೋಟೋಗೆ ಟೆಂಟು ತಂದು ಮನೆ ಮುಂದಿನ ಡ್ರೈವ್‌ವೇನಲ್ಲೇ ಹಾಕಿದೆವು. ಹಾಗೆ ಮಾಡಬಹುದು, ತಪ್ಪಿಲ್ಲ, ಮೊದಲ ಸಲ ಹಾಕುವವರು ಇನ್ನೆಲ್ಲಿಂದ ತರಬೇಕು. ಮೋಡ ಕವಿದ ದಿನಕ್ಕೆ ಒಂದು ವಾರ ಕಾದೆವು, ಬಿಸಿಲಿದ್ದರೆ ಬಿಳಿ ಟೆಂಟು ಧಗಧಗ ಹೊಳೆದು ಒಳಗಿನ ಸಾಮಾನು ಕಪ್ಪಾಗುತ್ತೆ. ಅತ್ತಿಗೆ ಮೊದಲು 40 ಸಾಮಾನು ಜೋಡಿಸಿದರು. ನಾನು ಒಂದೊಂದೇ ತೆಗೀತಾ ಬಂದೆ, ಅವರು ಒಂದೊಂದೇ ವಾಪಸ್ ಇಡ್ತಾ ಬಂದರು. 22ಕ್ಕೆ ರಾಜಿಯಾಯಿತು. ಪಕ್ಕದ ಮನೆಯ ಅಜ್ಜ ನಾಯಿ ಹಿಡಿದುಕೊಂಡು ಬಂದು ಎರಡು ಮಗ್ ಬೆಲೆ ಕೇಳಿ ಹೋದರು.

ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಮೂರು ಕಡೆ ಇಲ್ಲ, ಒಂದು ಕಡೆ ವೇಟಿಂಗ್ ಲಿಸ್ಟ್. ಅಷ್ಟು ಹೊತ್ತಿಗೆ ಮೂರು ವರ್ಷಕ್ಕೆ 12 ಅರ್ಜಿ, 420 ಡಾಲರ್ ಬರೀ ಶುಲ್ಕಕ್ಕೆ ಹೋಗಿತ್ತು. ಮೇಳ ನಡೆಸೋಕೆ ಖರ್ಚಿರುತ್ತೆ, ಒಪ್ಪಿದೆ. ಆದರೂ ಅರ್ಜಿ ಶುಲ್ಕದಲ್ಲಿ ಬಹುಪಾಲು ಒಳಗೆ ಬರದವರ ದುಡ್ಡೇ ಅನ್ನೋದು ನನಗೆ ಅಷ್ಟಾಗಿ ರುಚಿಸಲ್ಲ. ಶುಲ್ಕ ತಗೊಂಡ ಮೇಲೆ ಕನಿಷ್ಠ ಅಂಕ ಎಷ್ಟು ಬಂತು ಅಂತಾದರೂ ತಿಳಿಸಬೇಕು. ಕೆಲವರು ತಿಳಿಸುತ್ತಾರೆ, ನಮಗೆ ಯಾರೂ ತಿಳಿಸಲಿಲ್ಲ.

ವೇಟಿಂಗ್ ಲಿಸ್ಟ್ ಅಂದರೆ ರೈಲಿನದಲ್ಲ, ವಿಭಾಗದ ಪ್ರಕಾರ ಸರಿಯುತ್ತೆ. ಆಭರಣದವರು ಬಿಟ್ಟುಹೋದರೆ ಆಭರಣದವರಿಗೇ ಜಾಗ. ಎಷ್ಟೋ ಕಲಾವಿದರು ಒಂದೇ ವಾರಾಂತ್ಯಕ್ಕೆ ಎರಡು ಮೂರು ಕಡೆ ಅರ್ಜಿ ಹಾಕಿ, ಎಲ್ಲ ಕಡೆ ಸಿಕ್ಕಿದರೆ ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಹಾಗಾಗಿ ಬೂತಿನ ಬಾಡಿಗೆ ಕಟ್ಟುವ ಕೊನೇ ದಿನ ಮುಗಿದ ಮೇಲೆ ಪಟ್ಟಿ ಅಲ್ಲಾಡುತ್ತೆ. ನಮಗೆ ಜೂನ್ ಮೊದಲ ವಾರ ಮೇಲ್ ಬಂತು: ಒಬ್ಬ ಕುಂಬಾರರು ಹಿಂದೆ ಸರಿದಿದ್ದಾರೆ, ನೀವು ಬರುತ್ತೀರಾ, 48 ಗಂಟೆಯೊಳಗೆ ಹೇಳಿ. ಅತ್ತಿಗೆ ಆಗ ಆವಿಗೆ ತೆಗೆಯುತ್ತಿದ್ದರು. ಕೈಗವಸು ಹಾಕಿಕೊಂಡೇ ಫೋನ್ ಹಿಡಿದು ಎರಡು ಸಲ ಓದಿಸಿದರು.

ಅಲ್ಲಿಂದ ಓಟ. ಬಾಡಿಗೆ 450 ಡಾಲರ್ ಕಟ್ಟಿದೆವು. ಗಾಳಿಗೆ ಟೆಂಟು ಹಾರದ ಹಾಗೆ ಅಣ್ಣ ಪಿವಿಸಿ ಪೈಪಿಗೆ ಕಾಂಕ್ರೀಟು ತುಂಬಿ, ಒಂದೊಂದು ಕಾಲಿಗೆ 40 ಪೌಂಡ್, ಅಂದರೆ 18 ಕೆಜಿ ತೂಕ ಕಟ್ಟಿದ. ಮೊದಲ ದಿನ ಮಳೆ ಬಂತು. ಭರಣಿ ನೋಡಿದವರೆಲ್ಲ ಇದರಲ್ಲಿ ಕುಕೀಸ್ ಇಡಬಹುದಾ ಅಂತ ಕೇಳಿದರು. ಉಪ್ಪಿನಕಾಯಿಗೆ ಅಂದರೆ ಅವರ ಕಣ್ಣ ಮುಂದೆ ಬರೋದು ವಿನೆಗರ್‌ನಲ್ಲಿ ಮುಳುಗಿದ ಸೌತೆಕಾಯಿ. ಎರಡನೇ ದಿನದಿಂದ ಅತ್ತಿಗೆ ವಿವರಿಸೋದು ಬಿಟ್ಟು ಮುಚ್ಚಳ ಎತ್ತಿ ಇಡೋಕೆ ಶುರುಮಾಡಿದರು. ಟಕ್. ಜನ ತಾವೂ ಎತ್ತಿ ಇಟ್ಟು ನೋಡುತ್ತಿದ್ದರು. ಮೂರು ದಿನಕ್ಕೆ ಭರಣಿ ಹೋಗಿದ್ದು ಆರು, ಮಗ್ ಒಂದೂ ಉಳಿಯಲಿಲ್ಲ.

ಬಹುಮಾನ ಬರಲಿಲ್ಲ, ಹಾಗಾಗಿ ಮುಂದಿನ ವರ್ಷ ಮತ್ತೆ 35 ಡಾಲರ್, ಮತ್ತೆ ಐದು ಫೋಟೋ. ಭಾನುವಾರ ಬೆಳಿಗ್ಗೆ ಗೇಟು ತೆಗೆಯುವ ಮುಂಚೆ ಎದುರು ಟೆಂಟಿನ ಮರಗೆಲಸದವರು ಬಂದು, ಜನ ಬರುವಷ್ಟರಲ್ಲಿ ನಿಮ್ಮ ಬೂತಿನ ಫೋಟೋ ತೆಗೆದಿಟ್ಟುಕೊಳ್ಳಿ ಅಂದರು. ಅತ್ತಿಗೆ ಕುರ್ಚಿ, ನೀರಿನ ಬಾಟಲಿ, ಛತ್ರಿ ಎಲ್ಲ ಟೆಂಟಿನ ಹಿಂದಕ್ಕೆ ಹಾಕಿ ತಾವೂ ಹಿಂದೆ ಹೋಗಿ ಅಡಗಿಕೊಂಡರು. ನಾನು ನಾಲ್ಕು ಕ್ಲಿಕ್ ಮಾಡಿದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಎಡಗಡೆ ಮೂಲೆಯಲ್ಲಿ ಟೇಬಲ್ ಬಟ್ಟೆಯ ಕೆಳಗಿನಿಂದ ಚಕ್ಕುಲಿ ಡಬ್ಬಿಯ ಅಂಚು ಇಣುಕುತ್ತಿತ್ತು. ಅತ್ತಿಗೆಗೆ ಹೇಳದೆ ಕ್ರಾಪ್ ಮಾಡಿದೆ.